ಮುರಿದ ಮೂಳೆ, ಮನೆಯವರ ಕಾವಲು

ದಸರಾ ರಜೆಯ ಒಂದು ಇರುಳನ್ನು ಕಲ್ಪಿಸಿಕೊಳ್ಳಿ. ಶೃಂಗೇರಿಯಿಂದ ಹೊರಟು ಕಿಗ್ಗವನ್ನು ದಾಟಿ, ಇನ್ನೂ ನಾಲ್ಕೈದು ಕಿಲೋಮೀಟರು ಮುಂದೆ, ಸಿರಿಮನೆಯ ಜಲಪಾತದ ಮೊರೆತ ಕೇಳಿಬರುವಲ್ಲಿ ಒಂದು ತೋಟದ ಮನೆ. ಅಜ್ಜಿಯ ಮನೆಗೆಂದು ಬೆಂಗಳೂರಿನಿಂದ ಬಂದ ಎಂಟು ವರ್ಷದ ಹುಡುಗ ಹಗಲು ಪೇರಲೆಯ ಮರದಿಂದ ಬಿದ್ದು, ಮೊಣಕೈಗೆ ತುಸು ಮೇಲೆ ಮೂಳೆ ಮುರಿದುಕೊಂಡಿದ್ದಾನೆ. ಆಸ್ಪತ್ರೆಗೆ ಒಯ್ದು, ಎಕ್ಸ್‌ರೇ ತೆಗೆಸಿ, ಪ್ಲಾಸ್ಟರು ಹಾಕಿಸಿಕೊಂಡು ಮುಸ್ಸಂಜೆಗೆ ಮರಳಿದ್ದಾರೆ. "ಸದ್ಯ, ಇಷ್ಟಕ್ಕೇ ಮುಗಿಯಿತಲ್ಲ" ಎಂದು ಮನೆಯವರೆಲ್ಲ ನಿಟ್ಟುಸಿರುಬಿಟ್ಟಿದ್ದಾರೆ. ಹೊರಗೆ ಗುಡುಗು, ಮಳೆ, ದೀಪ ಹೋಗಿದೆ. ರಾತ್ರಿ ಹನ್ನೊಂದರ ಹೊತ್ತಿಗೆ ಹುಡುಗ ಎದ್ದು ಅಳತೊಡಗುತ್ತಾನೆ.

"ಅಮ್ಮಾ, ಕೈ ತುಂಬಾ ಬಿಗೀತಿದೆ. ತಡೆಯೋಕೆ ಆಗಲ್ಲ."

"ಮೊದಲ ದಿನ ಹಾಗೇ ಇರತ್ತೆ ಪುಟ್ಟಾ. ಮಾತ್ರೆ ಕೊಟ್ಟಿದ್ದೀನಲ್ಲ, ಮಲಗು. ಬೆಳಗಾಗಲಿ, ಡಾಕ್ಟರಿಗೆ ಫೋನ್ ಮಾಡೋಣ."

ತಾಯಿಯ ಈ ಮಾತಿನಲ್ಲಿ ಮಮತೆಗೇನೂ ಕೊರತೆಯಿಲ್ಲ. ಆದರೂ ಆ ಹುಡುಗ ದೊಡ್ಡವನಾದ ಮೇಲೆ ಅದೇ ಕೈಯಲ್ಲಿ ಲೇಖನಿ ಹಿಡಿಯಬಲ್ಲನೋ ಇಲ್ಲವೋ ಎಂಬುದು "ಬೆಳಗಾಗಲಿ" ಎಂಬ ಆ ಒಂದು ಮಾತನ್ನೇ ಅವಲಂಬಿಸಿರಬಹುದು. ಹಾಗಾದರೆ ಆ ತಾಯಿ ಏನು ಮಾಡಬೇಕಾಗಿತ್ತು? ಇದನ್ನು ತಿಳಿಯಲು ವೈದ್ಯಶಾಸ್ತ್ರದ ಪದವಿಯೇನೂ ಬೇಕಿಲ್ಲ. ಪ್ಲಾಸ್ಟರು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಅರಿತಿದ್ದರೆ ಸಾಕು.

ಪ್ಲಾಸ್ಟರು ಮೂಳೆಯನ್ನು ಕೂಡಿಸುವುದಿಲ್ಲ. ಕೂಡಿಸುವ ಕೆಲಸ ದೇಹದ್ದೇ. ತುಂಡುಗಳು ಅಲುಗದಂತೆ ಹಿಡಿದು ನಿಲ್ಲಿಸುವುದಷ್ಟೇ ಪ್ಲಾಸ್ಟರಿನ ಹೊಣೆ. ರಕ್ತ ಸರಿಯಾಗಿ ಹರಿಯುತ್ತಿದೆಯೆ, ನರ ನಲುಗಿದೆಯೆ, ಚರ್ಮ ಸವೆಯುತ್ತಿದೆಯೆ, ಮಲಗಿದವರ ಶ್ವಾಸಕೋಶ, ಹೊಟ್ಟೆ, ಮನಸ್ಸು ನೆಟ್ಟಗಿವೆಯೆ ಎಂದು ನೋಡುವ ಹೊಣೆ ದಾದಿಯದು. ಮನೆಗೆ ಬಂದ ಮೇಲೆ ಮನೆಯವರದು.

ಮಲೆನಾಡಿನಲ್ಲಿ ಬೀಳುವ ದಾರಿಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಮೂಳೆ ಮುರಿಯುವುದಕ್ಕೆ ಕಾರಣಗಳು ಹೇರಳ. ನಲವತ್ತು ಐವತ್ತು ಅಡಿಯ ಅಡಿಕೆ ಮರವನ್ನು ಕಾಲಿಗೆ ತಳೆ ಹಾಕಿಕೊಂಡು ಏರುವ ಕಸಬು ಇನ್ನೂ ಉಳಿದಿದೆ. ಕೊಯ್ಲಿನ ಕಾಲದಲ್ಲಿ ಹೇಗೋ ಹಾಗೆಯೇ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲೂ ಒದ್ದೆ ಮರವನ್ನು ಹತ್ತಬೇಕು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಔಷಧವನ್ನು ಬಳಕೆಗೆ ತಂದು ಮಲೆನಾಡಿನ ತೋಟಗಳಿಗೆ ಮಹೋಪಕಾರ ಮಾಡಿದರು. ಮರವೇರುವವನ ಅಪಾಯ ಮಾತ್ರ ಉಳಿದೇ ಬಂತು. ಈಚಿನ ವರುಷಗಳಲ್ಲಿ ನೆಲದಿಂದಲೇ ಕೊನೆ ಇಳಿಸುವ, ಔಷಧಿ ಹೊಡೆಯುವ ಉದ್ದನೆಯ ಹಗುರ ದೋಟಿಗಳು ಬಂದು ಅದನ್ನು ಕಡಿಮೆ ಮಾಡುತ್ತಿವೆ.

ಮರವನ್ನೇರದವರೂ ಬೀಳುತ್ತಾರೆ. ಪಾಚಿಗಟ್ಟಿದ ಅಂಗಳ, ಹಳ್ಳದ ಮೇಲಿನ ಸಂಕ, ಒದ್ದೆ ಬಚ್ಚಲು ಇವೇ ಸಾಕು. ಪಟ್ಟಣದ ನುಣುಪು ನೆಲದ ಮೇಲೂ ಸೊಂಟದ ಬಳಿ ಮೂಳೆ ಮುರಿದುಕೊಳ್ಳುವ ಹಿರಿಯರು ಎಷ್ಟಿಲ್ಲ? ಆದರೆ ಬೆಂಗಳೂರಿನವರಿಗೆ ಆಸ್ಪತ್ರೆ ಸಮೀಪ. ಸಿರಿಮನೆಯವರು ಶೃಂಗೇರಿಗೆ ಬರಬೇಕು. ದೊಡ್ಡ ಚಿಕಿತ್ಸೆಯಾದರೆ ನೂರು ಕಿಲೋಮೀಟರಿನ ಆಸುಪಾಸಿನ ಶಿವಮೊಗ್ಗೆಗೋ, ಆಗುಂಬೆಯ ಘಾಟಿಯಿಳಿದು ಮಣಿಪಾಲಕ್ಕೋ ಹೋಗಬೇಕು. ದೂರ ಹೆಚ್ಚಿದಷ್ಟೂ ಮನೆಯವರ ಕಣ್ಣು ಚುರುಕಾಗಿರಬೇಕಾಗುತ್ತದೆ.

ಸುಶ್ರುತನಿಂದ ಬಿಳಿಯ ಪುಡಿಯವರೆಗೆ

ಮುರಿದ ಅಂಗವನ್ನು ಕಟ್ಟಿ ನಿಲ್ಲಿಸುವ ವಿದ್ಯೆ ನಮಗೆ ಹೊಸತಲ್ಲ. ಸುಶ್ರುತಸಂಹಿತೆಯಲ್ಲಿ ಭಗ್ನಚಿಕಿತ್ಸೆಗೆಂದೇ ಒಂದು ಅಧ್ಯಾಯವುಂಟು. ಮರದ ತೊಗಟೆ ಮತ್ತು ಬಿದಿರಿನ ದಬ್ಬೆಗಳಿಂದ ಕಟ್ಟುವ ಕ್ರಮ ಅಲ್ಲಿದೆ. ಕಟ್ಟು ಸಡಿಲವಾದರೆ ಸಂಧಿ ಸ್ಥಿರವಾಗದು, ಅತಿಯಾಗಿ ಬಿಗಿದರೆ ಊತ, ನೋವು, ಕೀವು ಉಂಟಾಗುತ್ತವೆ ಎಂಬ ಎಚ್ಚರಿಕೆಯೂ ಇದೆ. ಕಾಲು ತೊಡೆಗಳು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಅಲುಗಾಡದಂತೆ ಐದು ಗೂಟಗಳನ್ನು ಹೊಡೆದು ಕಟ್ಟುವ 'ಕಪಾಟಶಯನ'ದ ವರ್ಣನೆ ಇನ್ನೂ ಸ್ವಾರಸ್ಯವಾದುದು. ನಮ್ಮ ಹಳ್ಳಿಗಳ ನಾಟಿ ವೈದ್ಯರಲ್ಲಿ ಕೈಗುಣವುಳ್ಳವರಿದ್ದರೆಂಬುದು ನಿಜ. ಆದರೆ ಬಿದಿರ ಕಟ್ಟಿನ ಬಿಗಿತದಿಂದ ಕೊಳೆತ ಕೈಕಾಲುಗಳನ್ನು ಕತ್ತರಿಸಬೇಕಾಗಿ ಬಂದುದೂ ಅಷ್ಟೇ ನಿಜ. ಸುಶ್ರುತನ ಎಚ್ಚರಿಕೆಯನ್ನು ಮರೆತುದರ ಫಲವದು.

ಇಂದಿನ ಪ್ಲಾಸ್ಟರಿನ ಪಟ್ಟಿಯನ್ನು ಬಳಕೆಗೆ ತಂದವನು ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸನ್. ಒಣ ಬಟ್ಟೆಗೆ ಜಿಪ್ಸಮ್ಮಿನ ಪುಡಿಯನ್ನು ಉಜ್ಜಿ, ನೀರಿನಲ್ಲಿ ನೆನೆಸಿ ಸುತ್ತುವ ಈ ಕ್ರಮವನ್ನು ಅವನು 1852ರಲ್ಲಿ ಪ್ರಕಟಿಸಿದ. ಜಿಪ್ಸಮ್ಮನ್ನು ಕಾಯಿಸಿದರೆ ಅದರೊಳಗಿನ ನೀರಿನ ಬಹುಭಾಗ ಹೊರಟುಹೋಗಿ ಪುಡಿಯಾಗುತ್ತದೆ; ಮತ್ತೆ ನೀರು ಕಂಡೊಡನೆ ಅದನ್ನು ಹೀರಿಕೊಂಡು ಕಲ್ಲಾಗುತ್ತದೆ. ಹಾಗೆ ಕಲ್ಲಾಗುವಾಗ ಶಾಖ ಹೊರಬರುತ್ತದೆ. ಪ್ಲಾಸ್ಟರು ಹಾಕಿದ ಹೊಸತರಲ್ಲಿ ಕೈ ಬೆಚ್ಚಗಾಗುವುದು ಇದರಿಂದಲೇ, ಹೆದರಬೇಕಾದುದಿಲ್ಲ.

ಈ ವಿದ್ಯೆಯ ಇತಿಹಾಸದಲ್ಲಿ ವೈದ್ಯರ ಹೆಸರುಗಳ ಜೊತೆಗೆ ನೆನೆಯಬೇಕಾದ ದಾದಿಯೊಬ್ಬಳಿದ್ದಾಳೆ. ಇಂಗ್ಲೆಂಡಿನ ಆಗ್ನೆಸ್ ಹಂಟ್ ಬಾಲ್ಯದಲ್ಲೇ ಸೊಂಟದ ಮೂಳೆಯ ರೋಗದಿಂದ ಕುಂಟಾದವಳು. ಮಲಗಿದವರ ಸಂಕಟ ಏನೆಂಬುದು ಅವಳಿಗೆ ಪುಸ್ತಕದಿಂದ ತಿಳಿದುದಲ್ಲ. 1900ರಲ್ಲಿ ಬ್ಯಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಅವಳು ಒಂದು ಆರೈಕೆಯ ಮನೆಯನ್ನು ತೆರೆದು, ಅಂಗವಿಕಲ ಮಕ್ಕಳನ್ನು ತೆರೆದ ಗಾಳಿಯಲ್ಲಿ ಮಲಗಿಸಿ ಶುಶ್ರೂಷೆ ಮಾಡಿದಳು. ಪ್ರಸಿದ್ಧ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಮೊದಲು ಅವಳಿಗೆ ಚಿಕಿತ್ಸೆ ಮಾಡಿ, ಅನಂತರ ಅವಳ ಕೆಲಸಕ್ಕೆ ಜೊತೆಯಾದ. ಆಸ್‌ವೆಸ್ಟ್ರಿಯಲ್ಲಿರುವ ಮೂಳೆಯ ಆಸ್ಪತ್ರೆ ಇಂದಿಗೂ ಇವರಿಬ್ಬರ ಹೆಸರನ್ನೂ ಹೊತ್ತಿದೆ. ಮೂಳೆಯ ಚಿಕಿತ್ಸೆಯಲ್ಲಿ ಶುಶ್ರೂಷೆಯ ಪಾಲು ಅರ್ಧ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮೊದಲ ಮೂರು ದಿನ

ಪ್ಲಾಸ್ಟರು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾದಂತೆ ಕಂಡರೂ ಒಳಗಿನ ತೇವವೆಲ್ಲ ಆರಲು ಕೈಗೆ ಒಂದೆರಡು ದಿನ, ಕಾಲಿಗೆ ಮೂರು ದಿನ ಬೇಕು. ಈ ಅವಧಿಯಲ್ಲಿ ಅದನ್ನು ಎತ್ತುವಾಗ ಅಂಗೈಗಳನ್ನು ಅಗಲಿಸಿ ಎತ್ತಬೇಕು. ಬೆರಳ ತುದಿಯಿಂದ ಹಿಡಿಯಬಾರದು. ಬೆರಳೊತ್ತಿದ ಕಡೆ ತಗ್ಗಾಗಿ, ಒಳಮೈಯಲ್ಲಿ ಉಬ್ಬು ಎದ್ದು, ವಾರಗಟ್ಟಲೆ ಚರ್ಮವನ್ನು ಒತ್ತಿ ಹುಣ್ಣು ಮಾಡುತ್ತದೆ. ಗಟ್ಟಿ ಮಣೆ ಮಂಚಗಳ ಮೇಲಿಡದೆ ಮೆತ್ತನೆಯ ದಿಂಬಿನ ಮೇಲಿಡಬೇಕು. ಕಂಬಳಿ ಹೊದಿಸದೆ ಗಾಳಿಗೆ ಬಿಡಬೇಕು.

ಮಳೆಗಾಲದ ಮಲೆನಾಡಿನಲ್ಲಿ ಬಟ್ಟೆಯೇ ಒಣಗದು, ಪ್ಲಾಸ್ಟರು ಒಣಗೀತೆ? ಬಚ್ಚಲ ಒಲೆಯ ಮುಂದೆ ಕೂರಿಸಿದರೆ ಬೇಗ ಆರೀತೆಂದು ಅಜ್ಜಿಯಂದಿರಿಗೆ ತೋರುವುದು ಸಹಜ. ಹಾಗೆ ಮಾಡಬಾರದು. ಬೆಂಕಿಯ ಕಾವಿಗೆ ಮೇಲುಭಾಗ ಒಣಗಿ, ಒಳಗೆ ತೇವ ಉಳಿದು ಪ್ಲಾಸ್ಟರು ಬಿರಿಯುತ್ತದೆ. ಒಳಗಿನ ಚರ್ಮ ಸುಡುವುದೂ ಉಂಟು. ಬೀಸಣಿಗೆಯ ಗಾಳಿ ಸಾಕು. ಈಗ ಬಳಕೆಯಲ್ಲಿರುವ ಫೈಬರ್‌ಗ್ಲಾಸಿನ ಪಟ್ಟಿ ಹಗುರ. ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ. ನೀರಿಗೆ ಅದು ಕರಗದು ನಿಜ. ಆದರೆ ಒಳಗಿನ ಹತ್ತಿ ನೆನೆದರೆ ಒಣಗುವುದಿಲ್ಲ. ಆದುದರಿಂದ ಸ್ನಾನಕ್ಕೆ ಎರಡಕ್ಕೂ ಪ್ಲಾಸ್ಟಿಕ್ಕಿನ ಚೀಲವೇ ಗತಿ.

ಮುರಿದ ಅಂಗ ಊದಿಕೊಳ್ಳುತ್ತದೆ. ಸುತ್ತಲಿನ ಪ್ಲಾಸ್ಟರು ಹಿಗ್ಗದು. ಆದ್ದರಿಂದ ಮೊದಲ ಎರಡು ಮೂರು ದಿನ ಆ ಅಂಗವನ್ನು ಎದೆಯ ಮಟ್ಟಕ್ಕಿಂತ ಮೇಲಿರಿಸಬೇಕು. ಕಾಲಾದರೆ ಮಲಗಿಸಿ ದಿಂಬುಗಳ ಮೇಲೆ. ಕೈಯಾದರೆ ಮಲಗಿದಾಗ ದಿಂಬಿನ ಮೇಲೆ, ಕುಳಿತಾಗ ಬೆರಳುಗಳು ಮೊಣಕೈಗಿಂತ ಮೇಲಿರುವಂತೆ ಜೋಳಿಗೆಯಲ್ಲಿ. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಬೆರಳುಗಳನ್ನು ಮಡಚಿ ಬಿಡಿಸುತ್ತಿರಬೇಕು. ಪೆಟ್ಟಾದೊಡನೆ ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆದಿಡಬೇಕು. ಊದಿದ ಮೇಲೆ ಅವನ್ನು ತೆಗೆಯಲು ಕತ್ತರಿಸಬೇಕಾದೀತು.

ಬೆರಳುಗಳು ಹೇಳುವ ಮಾತು

ಪ್ಲಾಸ್ಟರಿನ ಒಳಗೆ ಏನಾಗುತ್ತಿದೆ ಎಂಬುದು ಕಾಣದು. ಅದರ ತುದಿಯಲ್ಲಿ ಹೊರಬಂದಿರುವ ಬೆರಳುಗಳೇ ಒಳಗಿನ ಸುದ್ದಿಯನ್ನು ಹೇಳಬೇಕು. ಮೊದಲ ಇರುಳು ಗಂಟೆಗೊಮ್ಮೆ ಅವನ್ನು ನೋಡುವುದು ಒಳ್ಳೆಯದು. ಟಾರ್ಚಿನ ಬೆಳಕಾದರೂ ಸರಿ.

ಬಣ್ಣ ಹೇಗಿದೆ? ಬಿಳಿಚಿದೆಯೆ, ನೀಲಿಗಟ್ಟಿದೆಯೆ? ಉಗುರನ್ನು ಒತ್ತಿದರೆ ಬಿಳಿಯಾಗುತ್ತದೆ. ಬಿಟ್ಟ ಮೇಲೆ ಎರಡು ಎಣಿಸುವುದರೊಳಗೆ ಕೆಂಪು ಮರಳಬೇಕು. ಮುಟ್ಟಿದರೆ ಇನ್ನೊಂದು ಕೈಯಷ್ಟೇ ಬೆಚ್ಚಗಿದೆಯೆ, ತಣ್ಣಗಾಗಿದೆಯೆ? ಸ್ಪರ್ಶ ತಿಳಿಯುತ್ತದೆಯೆ, ಜೋಮು ಹಿಡಿದಿದೆಯೆ, ಸೂಜಿ ಚುಚ್ಚಿದಂತಾಗುತ್ತಿದೆಯೆ? ತಾನಾಗಿ ಬೆರಳನ್ನು ಆಡಿಸಬಲ್ಲನೆ?

ಇವೆಲ್ಲಕ್ಕಿಂತ ಮೊದಲು ಬರುವ ಸೂಚನೆ ನೋವು. ಮೂಳೆ ಮುರಿದ ನೋವು ಪ್ಲಾಸ್ಟರು ಹಾಕಿ, ಅಂಗವನ್ನೆತ್ತಿ ಇರಿಸಿದ ಮೇಲೆ ಗಂಟೆಗಂಟೆಗೆ ಇಳಿಯಬೇಕು. ಅದು ಏರುತ್ತಾ ಹೋದರೆ, ಮಾತ್ರೆಗೂ ಬಗ್ಗದಿದ್ದರೆ, ಬೆರಳನ್ನು ನಾವು ಮೆಲ್ಲನೆ ನೇರ ಮಾಡಿದೊಡನೆ ಕಿರಿಚುವಂತಾದರೆ, ಒಳಗಿನ ಮಾಂಸಖಂಡಗಳಿಗೆ ರಕ್ತ ಸಾಲುತ್ತಿಲ್ಲ ಎಂದು ತಿಳಿಯಬೇಕು. ಆಗ ಬೆರಳಿನ ಬಣ್ಣ ಚೆನ್ನಾಗಿದ್ದರೂ, ನಾಡಿ ಸಿಗುತ್ತಿದ್ದರೂ ನಂಬುವಂತಿಲ್ಲ. ಅವು ಕೆಡುವುದು ಕೊನೆಗೆ. ರಕ್ತವಿಲ್ಲದೆ ಮಾಂಸಖಂಡ ಉಳಿಯುವುದು ಸುಮಾರು ಆರು ಗಂಟೆಗಳ ಕಾಲ. ಆಮೇಲೆ ಅದು ಸತ್ತು, ಕುಗ್ಗಿ, ಬೆರಳುಗಳು ಹಕ್ಕಿಯ ಉಗುರಿನಂತೆ ಮುದುಡಿಕೊಳ್ಳುತ್ತವೆ. ಜರ್ಮನಿಯ ವೈದ್ಯ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ ಈ ಸ್ಥಿತಿಗೆ ಇಂದಿಗೂ ಅವನದೇ ಹೆಸರು. ಮೊಣಕೈಯ ಮೇಲೆ ಮೂಳೆ ಮುರಿದ ಮಕ್ಕಳಿಗೆ ಇದರ ಭಯ ಹೆಚ್ಚು.

ಈಗ ನಮ್ಮ ಸಿರಿಮನೆಯ ತಾಯಿಯ ಕಡೆಗೆ ತಿರುಗೋಣ. ಹನ್ನೊಂದಕ್ಕೆ ಅತ್ತ ಮಗುವನ್ನು ಬೆಳಗಿನ ಆರರವರೆಗೆ ಸಮಾಧಾನಪಡಿಸಿದರೆ ಏಳು ಗಂಟೆ ಕಳೆಯಿತು. ಆ ಹೊತ್ತಿಗೆ ಅಳು ನಿಂತಿರಲೂಬಹುದು. ನರವೇ ಸತ್ತ ಮೇಲೆ ನೋವೆಲ್ಲಿಯದು? ಅದನ್ನೇ ಗುಣವೆಂದು ಭ್ರಮಿಸುವುದೂ ಉಂಟು.

ಅವಳು ಮಾಡಬೇಕಾದುದಿಷ್ಟೇ. ಕೈಯನ್ನು ಎದೆಯ ಮಟ್ಟಕ್ಕೆ ಇಳಿಸಬೇಕು. ಈ ಸ್ಥಿತಿಯಲ್ಲಿ ಇನ್ನೂ ಎತ್ತರಿಸಿದರೆ ಬರುತ್ತಿರುವ ಅಲ್ಪ ರಕ್ತವೂ ನಿಂತೀತು. ಆಸ್ಪತ್ರೆಗೆ ಫೋನು ಮಾಡುತ್ತಲೇ ಹೊರಡಬೇಕು. ಮನೆಯಲ್ಲಿ ವಾಹನವಿಲ್ಲವಾದರೆ 2008ರಿಂದ ಕರ್ನಾಟಕದಲ್ಲಿ ಓಡುತ್ತಿರುವ 108ರ ಆಂಬುಲೆನ್ಸನ್ನು ಕರೆಯಬೇಕು. ದೊಡ್ಡ ವೈದ್ಯರೇ ಬೇಕೆಂದು ಹತ್ತಿರದ ಆಸ್ಪತ್ರೆಯನ್ನು ದಾಟಿ ದೂರದೂರಿಗೆ ಓಡಬಾರದು. ಪ್ಲಾಸ್ಟರನ್ನು ಉದ್ದಕ್ಕೂ ಸೀಳಿ, ಒಳಗಿನ ಹತ್ತಿಯನ್ನು ಚರ್ಮದವರೆಗೆ ಕತ್ತರಿಸಿ ಬಿಡಿಸುವ ಕೆಲಸವನ್ನು ಶೃಂಗೇರಿಯಲ್ಲೋ ಕೊಪ್ಪದಲ್ಲೋ ಕೈಗೆ ಸಿಕ್ಕ ವೈದ್ಯರು ಮಾಡಬಲ್ಲರು. ಅಷ್ಟರಿಂದ ಇಳಿಯದಿದ್ದರೆ ಒತ್ತಡವನ್ನು ಬಿಡಿಸುವ ಶಸ್ತ್ರಕ್ರಿಯೆಗೆ ಅವರೇ ಮುಂದಕ್ಕೆ ಕಳುಹಿಸುತ್ತಾರೆ. ಹೋದ ಮೇಲೆ "ಏನೂ ಆಗಿಲ್ಲ" ಎಂದು ವೈದ್ಯರು ಹೇಳಿದರೆ ನಾಚಬೇಕಾದುದಿಲ್ಲ. ಕೆಟ್ಟುದು ಒಂದು ರಾತ್ರಿಯ ನಿದ್ದೆ ಮಾತ್ರ.

ತುರಿಕೆ, ವಾಸನೆ, ಕಲೆ

ಮೊದಲ ವಾರ ಕಳೆದ ಮೇಲೆ ಬರುವ ದೊಡ್ಡ ಕಾಟ ತುರಿಕೆ. ಹೆಣಿಗೆಯ ಕಡ್ಡಿ, ಹಿಡಿಸೂಡಿಯ ಕಡ್ಡಿ, ಅಳತೆಪಟ್ಟಿ ಹೀಗೆ ಪ್ಲಾಸ್ಟರಿನೊಳಕ್ಕೆ ತೂರದ ವಸ್ತುವೇ ಇಲ್ಲ! ಒಳಗೆ ಗೀರಾದರೆ ಕತ್ತಲಲ್ಲಿ, ಬೆವರಿನಲ್ಲಿ ಅದು ಹುಣ್ಣಾಗುತ್ತದೆ. ಕೊಬ್ಬರಿ ಎಣ್ಣೆ ಸುರಿಯುವುದು, ಪೌಡರು ಉದುರಿಸುವುದು ಇವೂ ಕೂಡದು. ಮೇಲಿನಿಂದ ಮೆಲ್ಲನೆ ತಟ್ಟಿದರೆ, ತಣ್ಣನೆಯ ಗಾಳಿ ಬೀಸಿದರೆ ಉಪಶಮನವಾಗುತ್ತದೆ. ಅಂಚು ಕೊರೆಯುತ್ತಿದ್ದರೆ ಅಂಟುಪಟ್ಟಿಯ ತುಂಡುಗಳನ್ನು ಹೂವಿನ ಎಸಳಿನಂತೆ ಒಂದರ ಮೇಲೊಂದು ಬರುವ ಹಾಗೆ ಒಳಗಿನಿಂದ ಹೊರಕ್ಕೆ ಮಡಚಿ ಅಂಟಿಸಬಹುದು.

ರಕ್ತದ ಕಲೆ ಹೊರಗೆ ಮೂಡಿದರೆ ಪೆನ್ನಿನಿಂದ ಅದರ ಸುತ್ತ ಗೆರೆಯೆಳೆದು ಪಕ್ಕದಲ್ಲಿ ಗಂಟೆಯನ್ನು ಬರೆದಿಡಿ. ಕಲೆ ಗೆರೆಯನ್ನು ದಾಟಿತೆ ಎಂಬುದು ಆಮೇಲೆ ತಾನಾಗಿ ತಿಳಿಯುತ್ತದೆ. ಕೆಟ್ಟ ವಾಸನೆ, ಒಂದೇ ಜಾಗದಲ್ಲಿ ಉರಿ, ಜ್ವರ ಇವು ಒಳಗೆ ಹುಣ್ಣಾಗಿರುವುದರ ಗುರುತು. ಒಂದೇ ಜಾಗದ ಉರಿ ನಾಲ್ಕು ದಿನವಾದ ಮೇಲೆ ಮರೆಯಾಯಿತೆಂದು ಸಂತೋಷಪಡಬೇಡಿ. ಚರ್ಮ ಸತ್ತರೂ ಉರಿ ನಿಲ್ಲುತ್ತದೆ.

ತೂಕ ಕಟ್ಟಿದ ಕಾಲು

ಇನ್ನು ಟ್ರ್ಯಾಕ್ಷನ್ ಎಂಬ ಚಿಕಿತ್ಸೆ. ಜನರ ಮಾತಿನಲ್ಲಿ 'ತೂಕ ಕಟ್ಟುವುದು'. ತೊಡೆಯ ಮೂಳೆ ಮುರಿದಾಗ ಸುತ್ತಲಿನ ಬಲವಾದ ಸ್ನಾಯುಗಳು ಸೆಟೆದುಕೊಂಡು ತುಂಡುಗಳನ್ನು ಒಂದರ ಮೇಲೊಂದು ಎಳೆಯುತ್ತವೆ, ಕಾಲು ಗಿಡ್ಡವಾಗುತ್ತದೆ. ರಾಟೆಯ ಮೇಲಿಂದ ಇಳಿಬಿಟ್ಟ ತೂಕ ಹಗಲಿರುಳು ಮೆಲ್ಲನೆ ಎಳೆದು ಆ ಸ್ನಾಯುಗಳನ್ನು ದಣಿಸಿ ಸಡಿಲಿಸುತ್ತದೆ. ಚರ್ಮಕ್ಕೆ ಪಟ್ಟಿಯಂಟಿಸಿ ಎಳೆಯುವುದು ಒಂದು ಬಗೆ; ಅದಕ್ಕೆ ಸಾಮಾನ್ಯವಾಗಿ ಐದು ಕಿಲೋದೊಳಗಿನ ತೂಕ. ಮೂಳೆಗೇ ಉಕ್ಕಿನ ಕಡ್ಡಿ ತೂರಿಸಿ ಎಳೆಯುವುದು ಇನ್ನೊಂದು. ಅದು ಹೆಚ್ಚು ತೂಕವನ್ನು ತಡೆಯುತ್ತದೆ. ಕಾಲಿನ ಕಡೆಗೆ ಮಂಚವನ್ನು ಎತ್ತರಿಸಿರುವುದೂ ಸುಮ್ಮನೆ ಅಲ್ಲ; ರೋಗಿಯ ಮೈಭಾರವೇ ಎದುರು ಎಳೆತವಾಗಲೆಂದು.

ಒಂದು ಕಾಲಕ್ಕೆ ತೊಡೆ ಮುರಿದವರು ಹೀಗೆ ಮೂರು ತಿಂಗಳು ಮಲಗಬೇಕಾಗಿತ್ತು. ಕುಂಟ್‌ಷರ್ ಎಂಬ ಜರ್ಮನ್ ವೈದ್ಯ 1939ರಲ್ಲಿ ಮೂಳೆಯ ಟೊಳ್ಳಿನೊಳಗೆ ಉಕ್ಕಿನ ಸಲಾಕೆ ತೂರಿಸುವ ಕ್ರಮವನ್ನು ಆರಂಭಿಸಿದ ಮೇಲೆ ಕಾಲ ಬದಲಾಯಿತು. ಇಂದು ಶಸ್ತ್ರಕ್ರಿಯೆಯಾದ ಕೆಲವೇ ದಿನಗಳಲ್ಲಿ ರೋಗಿಯನ್ನು ಎಬ್ಬಿಸುತ್ತಾರೆ. ಸೊಂಟದ ಬಳಿ ಮುರಿದ ವೃದ್ಧರಿಗಂತೂ ಆದಷ್ಟು ಬೇಗ ಶಸ್ತ್ರಕ್ರಿಯೆ ಮಾಡಿ ಎಬ್ಬಿಸುವುದೇ ಜೀವ ಉಳಿಸುವ ದಾರಿ. ಆದರೂ ಶಸ್ತ್ರಕ್ರಿಯೆಯವರೆಗೆ ಕಾಯುವವರಿಗೆ, ಚಿಕ್ಕ ಮಕ್ಕಳಿಗೆ, ಶಸ್ತ್ರಕ್ರಿಯೆಯನ್ನು ತಾಳಲಾರದವರಿಗೆ ತೂಕವನ್ನು ಕಟ್ಟುವುದುಂಟು.

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಬಳಿ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಅವರು ನೋಡಬೇಕಾದುದು ಇಷ್ಟು: ತೂಕ ನೆಲಕ್ಕೋ ಮಂಚಕ್ಕೋ ತಾಗದೆ ಗಾಳಿಯಲ್ಲಿ ತೂಗಾಡುತ್ತಿರಬೇಕು. ಹಗ್ಗ ರಾಟೆಯ ನಡುವೆಯೇ ಇರಬೇಕು. ಗಂಟು ರಾಟೆಗೆ ಸಿಕ್ಕಿಕೊಳ್ಳಬಾರದು. ಪಾದ ಮಂಚದ ತುದಿಗೆ ಒತ್ತಿ ನಿಂತರೆ ಎಳೆತವೇ ಇಲ್ಲವಾಗುತ್ತದೆ. ನೋಡಲು ಬಂದ ನೆಂಟರು ಕನಿಕರದಿಂದ ತೂಕವನ್ನು ಎತ್ತಿಹಿಡಿಯುವುದುಂಟು. ಬೆಡ್‌ಪ್ಯಾನು ಇಡುವಾಗ ಅಡ್ಡಿಯೆಂದು ಬಿಚ್ಚುವುದೂ ಉಂಟು. ಎರಡೂ ತಪ್ಪು. ಸ್ನಾಯು ಮತ್ತೆ ಸೆಟೆದು, ಕೂಡುತ್ತಿದ್ದ ಮೂಳೆ ಜಾರುತ್ತದೆ. ಪಾದವನ್ನು ಮೊಣಕಾಲಿನ ಕಡೆಗೆ ಮೇಲಕ್ಕೆತ್ತಬಲ್ಲರೆ ಎಂದು ದಿನವೂ ಕೇಳಬೇಕು. ಮೊಣಕಾಲಿನ ಹೊರಬದಿಯ ನರ ಒತ್ತಿಹೋದರೆ ಪಾದ ಜೋತುಬೀಳುತ್ತದೆ. ಕಡ್ಡಿ ತೂರಿರುವ ಕಡೆ ಕೆಂಪು, ಕೀವು, ಸಡಿಲಿಕೆ ಕಂಡರೆ ದಾದಿಗೆ ತಿಳಿಸಬೇಕು.

ಮಲಗಿದವರ ದಿನಚರಿ

ಮಲಗಿಯೇ ಇರುವುದು ತಾನೇ ಒಂದು ರೋಗ. ಬೆನ್ನಿನ ಕೆಳಭಾಗ, ಹಿಮ್ಮಡಿ, ಮೊಣಕೈಗಳು ಒಂದೇ ಕಡೆ ಒತ್ತಿ ಹಾಸಿಗೆ ಹುಣ್ಣಾಗುತ್ತದೆ. ಅದು ಬಂದ ಮೇಲೆ ವಾಸಿಮಾಡುವುದಕ್ಕಿಂತ ಬಾರದಂತೆ ನೋಡುವುದು ಸುಲಭ. ಎರಡು ಗಂಟೆಗೊಮ್ಮೆ ಒತ್ತಡವನ್ನು ಬದಲಿಸಬೇಕು. ತೂಕ ಕಟ್ಟಿದವರು ಮಗ್ಗುಲಾಗಲಾರರು. ತಲೆಯ ಮೇಲಿನ ಸರಳನ್ನು ಹಿಡಿದು ಮೈಯನ್ನು ಆಗಾಗ ಮೇಲಕ್ಕೆತ್ತಬೇಕು. ಹಾಸಿಗೆಯ ಬಟ್ಟೆ ಸುಕ್ಕಿಲ್ಲದೆ, ಒಣದಾಗಿ, ತಿಂಡಿಯ ಚೂರುಗಳಿಲ್ಲದೆ ಇರಬೇಕು. ಹಿಮ್ಮಡಿಯ ಕೆಳಗಲ್ಲ, ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ತೇಲುತ್ತದೆ. ಕೆಂಪಾದ ಚರ್ಮವನ್ನು ಉಜ್ಜಬಾರದು.

ಗಂಟೆಗೆ ಹತ್ತು ಸಲ ದೀರ್ಘವಾಗಿ ಉಸಿರೆಳೆದು ಬಿಡುವುದು, ಕೆಮ್ಮಿ ಕಫ ತೆಗೆಯುವುದು ಎದೆಗೆ ಒಳ್ಳೆಯದು. ಬೆಡ್‌ಪ್ಯಾನಿನ ನಾಚಿಕೆಗೆ ಹಿರಿಯರು ನೀರನ್ನೇ ಕುಡಿಯದೆ ಇರುತ್ತಾರೆ. ಇದರಿಂದ ಮಲಬದ್ಧತೆ, ಮೂತ್ರದ ಸೋಂಕು, ಕಲ್ಲು ಎಲ್ಲವೂ ಬರುತ್ತವೆ. ವೈದ್ಯರ ನಿಷೇಧವಿಲ್ಲದಿದ್ದರೆ ನೀರು, ಮಜ್ಜಿಗೆ ಧಾರಾಳವಾಗಿರಲಿ. ಸೊಪ್ಪು, ಹಣ್ಣು, ಬೇಳೆಕಾಳು, ಹಾಲು ಊಟದಲ್ಲಿರಲಿ. ಮಲೆನಾಡಿನ ತಂಬುಳಿಯೂ ಇಂಥ ಹೊತ್ತಿಗೆ ಹಿತವಾದುದೇ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಗುವುದು ರಕ್ತ ಹೆಪ್ಪುಗಟ್ಟಿದುದರ ಸೂಚನೆ. ಒಂದು ನಿಮಿಷವೂ ತಡಮಾಡಬಾರದು.

ಮನಸ್ಸನ್ನೂ ಮರೆಯಬಾರದು. ಓಡಾಡುತ್ತಿದ್ದ ಮನುಷ್ಯ ಮಾಡಿನ ಜಂತಿಯನ್ನು ಎಣಿಸುತ್ತ ಮಲಗಬೇಕಾದ ಸಂಕಟ ಸಣ್ಣದಲ್ಲ. ಮಂಚವನ್ನು ಕತ್ತಲ ಕೋಣೆಯಲ್ಲಿಡದೆ ಜಗಲಿಗೆ ತೆರೆದ ಕಿಟಕಿಯ ಬಳಿ ಇಡಿ. ಮರವೇರಿ ದುಡಿಯುತ್ತಿದ್ದವನ ಚಿಂತೆ ಕಾಲಿನದಕ್ಕಿಂತ ನಾಳಿನ ಕೂಲಿಯದು. ತೋಟದ ಒಡೆಯರು ಅದಕ್ಕೆ ದಾರಿ ಮಾಡಿದರೆ ಅದೂ ಶುಶ್ರೂಷೆಯ ಒಂದು ಅಂಗವೇ ಸರಿ.

ಪ್ಲಾಸ್ಟರು ಬಿಚ್ಚುವ ದಿನ ಮಕ್ಕಳು ಗರಗಸದ ಸದ್ದಿಗೆ ಹೆದರುತ್ತಾರೆ. ಅದರ ಅಲಗು ಸುತ್ತುವುದಿಲ್ಲ, ಕಂಪಿಸುತ್ತದೆ ಎಂದು ಮೊದಲೇ ಹೇಳಿ ಧೈರ್ಯ ತುಂಬಿ. ಹೊರಬಂದ ಕೈ ಸಣಕಲಾಗಿ, ಹೊಟ್ಟುಗಟ್ಟಿ ಕಂಡರೆ ಗಾಬರಿ ಬೇಡ. ಹೊಟ್ಟನ್ನು ಕೆರೆಯದೆ ಬೆಚ್ಚನೆಯ ನೀರಿನಲ್ಲಿ ತೊಳೆದು ತುಸು ಎಣ್ಣೆ ಹಚ್ಚಬಹುದು. ಮಕ್ಕಳ ಮೊಣಕೈಯನ್ನು ಮಾತ್ರ ಯಾರೂ ಬಲವಾಗಿ ಎಳೆದು ನೀವಬಾರದು. ಆಡುತ್ತಾ ಆಡುತ್ತಾ ಅದು ತಾನೇ ಸಡಿಲವಾಗುತ್ತದೆ.

ಪ್ಲಾಸ್ಟರು ಹಾಕಿಸಿಕೊಂಡು ಮನೆಗೆ ಬಂದ ದಿನ ಬಳಪದಿಂದ ಗೋಡೆಯ ಮೇಲೆ ಆಸ್ಪತ್ರೆಯ ಫೋನ್ ಸಂಖ್ಯೆಯನ್ನು ಬರೆಯಿರಿ. ಟಾರ್ಚಿಗೆ ಹೊಸ ಸೆಲ್ಲು ಹಾಕಿರಿ. ಇರುಳು ಯಾರು ಯಾವ ಹೊತ್ತಿಗೆ ಎದ್ದು ನೋಡುವುದೆಂದು ಹಂಚಿಕೊಳ್ಳಿರಿ. ನೋವು ಏರುತ್ತಿದೆಯೆಂದು ಮಗು ಹೇಳಿದರೆ ಅದರ ಮಾತನ್ನು ನಂಬಿ ಹೊರಡಿರಿ. ಮಳೆ ಹೊಯ್ಯುತ್ತಿದ್ದರೂ ಸರಿ, ಬೆಳಗಾಗುವವರೆಗೆ ಕಾಯಬೇಡಿರಿ.